ಗರುಡನ ಏಕಾದಶಿ

ಕುದುರೆಗಳು ಮಾತು ಕಲಿತ ಮೇಲೆ, ಆರೋಗ್ಯಪತ್ರಕ್ಕೆ ಅವುಗಳ ಬಾಯಿಂದಲೇ ಉತ್ತರ ಬರಬೇಕು. ಪತ್ರವಿಲ್ಲದಿದ್ದರೆ ಗಡಿ ದಾಟಲು ಬಿಡುವುದಿಲ್ಲ. ನಮ್ಮವರ ಅಸ್ಥಿಯನ್ನು ಮಡಿಲಲ್ಲಿಟ್ಟುಕೊಂಡು ಪಶುವೈದ್ಯರ ಮುಂದೆ ಕೂತಿದ್ದೆ. ಹತ್ತನೆಯ ದಿನದೊಳಗೆ ಪಂಢರಪುರ ಮುಟ್ಟಿ ಚಂದ್ರಭಾಗಾ ನದಿಗೆ ಬಿಡಬೇಕು. ಉಳಿದದ್ದು ಮೂರೇ ದಿನ.

"ಮೇವು ತಿಂತೀಯೇನಪಾ?" ಎಂದು ಡಾಕ್ಟರ್ ಶೇಷಗಿರಿ ಕೇಳಿದರು.

"ಇವತ್ತ ಇಲ್ರಿ," ಎಂದಿತು ನಮ್ಮ ಕುದುರೆ ಗರುಡ.

ಡಾಕ್ಟರು 'ಹಸಿವಿಲ್ಲ' ಎಂದು ಬರೆದುಕೊಂಡರು. "ಅಂಬಾಬಾಯಾರ, ಇದಕ್ಕ ರೋಗ ಅದ. ಪತ್ರ ಕೊಡ್ಲಿಕ್ಕೆ ಬರೂದಿಲ್ಲ."

"ರೋಗ ಅಲ್ರೀ, ಏಕಾದಶಿ! ನಮ್ಮವರ ಸಂಗಡ ಹನ್ನೆರಡು ವರ್ಷದಿಂದ ಉಪವಾಸ ಮಾಡ್ತದ."

"ಕುದುರಿಗೆಂಥಾ ಏಕಾದಶಿ? ಬಾಯಿ ತಗಿ," ಎಂದು ಅವರು ಹಲ್ಲು ನೋಡಲು ಬಗ್ಗಿದರು.

ಗರುಡ ಅವರ ಉಸಿರು ಮೂಸಿತು. "ಡಾಕ್ಟರ್ರ, ಮುಂಜಾನೆ ನೀವು ಉಳ್ಳಾಗಡ್ಡಿ ಭಜಿ ತಿಂದೀರಿ."

ಸಾಲಿನಲ್ಲಿದ್ದ ಕುದುರೆಗಳೆಲ್ಲ ನಕ್ಕವು. ಡಾಕ್ಟರು ನಾಮವಿಟ್ಟ ಹಣೆ ಒರೆಸಿಕೊಂಡು, 'ಹಸಿವಿಲ್ಲ' ಎಂಬುದನ್ನು ಹೊಡೆದುಹಾಕಿ, 'ಆರೋಗ್ಯವಾಗಿದೆ' ಎಂದು ಬರೆದು ಮುದ್ರೆ ಒತ್ತಿದರು.

"ಯಜಮಾನರ ಹೆಸರು?" ಎಂದು ಮೆಲ್ಲಗೆ ಕೇಳಿದರು.

ಗಂಡನ ಹೆಸರನ್ನು ನಾನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ. ಗರುಡ ನನ್ನ ಮಡಿಲಿನತ್ತ ತಲೆ ಬಾಗಿಸಿತು.

"ಭೀಮಸೇನರಾಯರು ಅಂತ ಬರ್ಕೊಳ್ರಿ. ನಮ್ಮ ಸಂಗಡನ ಹೊರಟಾರ."