ತಾಗಿಸಿದರೆ ಸಾಕು

ಉಮಾಶಂಕರನ ಮೊಬೈಲು ಮತ್ತೆ ನಡುಗಿತು. ಹುಣಸೂರು, ಮೆಡಿಕಲ್ ಸ್ಟೋರ್, ನೂರಾ ನಲವತ್ತು ರೂಪಾಯಿ. ಅವನು ಜೀಪಿನ ಕೀಲಿ ಎತ್ತಿಕೊಂಡ.

ಗಾವಡಗೆರೆಯ ತನ್ನ ಗೊಬ್ಬರದ ಅಂಗಡಿಯಲ್ಲಿದ್ದ ಅವನಿಗೆ ಆಗಲೇ ತಾಯಿ ಸುನಂದಮ್ಮ ಫೋನ್ ಮಾಡಿದ್ದಳು. “ಮೀನಾ ಮನೇಲಿಲ್ಲ ಕಣಪ್ಪ. ಅವಳ ಬಟ್ಟೆ ಚೀಲಾನೂ ಇಲ್ಲ.”

ಅವನು ಗಾಬರಿಯಾಗಲಿಲ್ಲ. ಹೆಂಡತಿಯ ಕೈಗೆ ಅವನು ಎಂದೂ ನೋಟು ಕೊಟ್ಟವನಲ್ಲ. ದಿನಸಿಗೂ ಕಾರ್ಡು, ಬಳೆಗೂ ಕಾರ್ಡು. ಪಿನ್ ಕೂಡ ಬೇಡ, ತಾಗಿಸಿದರೆ ಸಾಕು. ಪಾಯಿಂಟ್ ಸಿಗುತ್ತವೆ ಎಂದು ನೆಂಟರಿಗೆ ಹೇಳುತ್ತಿದ್ದ. ನೋಟು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯದು. ಕಾರ್ಡು ಎಲ್ಲಿ ತಾಗಿದರೂ ಮೆಸೇಜು ಬರುವುದು ಅವನ ಮೊಬೈಲಿಗೆ.

“ಕಾರ್ಡು ಬ್ಲಾಕ್ ಮಾಡ್ಸಿಬುಡಿ ಅಣ್ಣ,” ಎಂದ ಅಂಗಡಿಯ ಕೆಲಸದ ಮಾದೇವ.

“ಯಾಕ್ಲಾ? ಅವಳು ಎಲ್ಲವ್ಳೆ ಅಂತ ಅದೇ ಯೋಳ್ತದೆ.”

ಬಸ್ಸು ಹೆಂಗಸರಿಗೆ ಪುಕ್ಕಟೆ. ಆದರೆ ಹಸಿವಿಗೆ, ನೋವಿಗೆ ಕಾರ್ಡು ಮುಟ್ಟಲೇಬೇಕು.

ಹುಣಸೂರಿನ ಮೆಡಿಕಲ್ಲಿನವನು ಗಿರಾಕಿಗಳ ನಡುವೆ ತಲೆಯೆತ್ತದೆ ಹೇಳಿದ: “ಮಂಡಿನೋವಿನ ಮುಲಾಮು ತಗೊಂಡ್ರು. ಕೋಟೆ ಬಸ್ಸು ಎಲ್ಲಿ ನಿಲ್ತದೆ ಅಂತ ಕೇಳಿದ್ರು.”

“ಜೊತೇಲಿ ಗಂಡಸು ಯಾರಾದ್ರೂ?”

“ಯಾರೂ ಇಲ್ಲ. ತಲೆ ತುಂಬ ಸೆರಗು ಹೊದ್ದು ಕುಂಟ್ಕೊಂಡು ಬಂದ್ರು.”

ಕುಂಟದೆ ಇನ್ನೇನು? ಮೊನ್ನೆ ಅವಳು ಮೆಟ್ಟಿಲ ಮೇಲಿಂದ ಹೇಗೆ ಬಿದ್ದಳೆಂಬುದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ.

ಎಚ್.ಡಿ. ಕೋಟೆಯ ಬೇಕರಿಯಿಂದ ಮುಂದಿನ ಮೆಸೇಜು ಬಂತು. ಅವನು ತಲುಪುವ ಹೊತ್ತಿಗೆ ಅಲ್ಲಿ ಅವಳಿರಲಿಲ್ಲ. ತಾಯಿಗೆ ಫೋನ್ ಮಾಡಿದ.

“ಸಿಕ್ಕಿದ್ಲಾ?” ಎಂದಳು ಸುನಂದಮ್ಮ. ಅವಳ ದನಿಯ ಹಿಂದೆ ಯಾವುದೋ ಗಾಡಿಯ ಹಾರ್ನು. ಟೀವಿ ಇರಬೇಕು.

“ಇನ್ನೇನು ಸಿಕ್ತಾಳೆ. ಸಂಜೆ ಎಳ್ಕೊಂಡು ಬತ್ತೀನಿ. ಏನು ಸದ್ದು ಕೇಳಿದ್ರೂ ನೀನು ನಡುವೆ ಬರಬ್ಯಾಡ.”



“ಬಾ ಕಣಪ್ಪ. ಎಷ್ಟೊತ್ತಾದ್ರೂ ಕಾಯ್ತೀನಿ.”

ಕಡೆಯ ಮೆಸೇಜು ಬೀಚನಹಳ್ಳಿಯದು, ಅಣೆಕಟ್ಟಿನ ಹತ್ತಿರದ ಒಂದು ಹೋಟೆಲು. ಉಮಾಶಂಕರ ಜೀಪಿನ ವೇಗ ತಗ್ಗಿಸಿದ. ಇನ್ನು ಅವಸರವಿಲ್ಲ. ರಸ್ತೆಯಲ್ಲಿ ನರಪಿಳ್ಳೆಯಿಲ್ಲ, ಪಕ್ಕದಲ್ಲಿ ಕಪ್ಪಗೆ, ಆಳವಾಗಿ ನೀರು. ಇಂಥ ಜಾಗವನ್ನು ಅವಳೇ ಆರಿಸಿಕೊಂಡಳಲ್ಲ ಎಂದುಕೊಂಡ.

ಹೋಟೆಲಿನಲ್ಲಿ ಒಬ್ಬಳೇ ಹೆಂಗಸು. ಬಾಗಿಲಿಗೆ ಬೆನ್ನು, ತಲೆಗೆ ಸೆರಗು, ಮೇಜಿನ ಮೇಲೆ ಅದೇ ನೀಲಿ ಕಾರ್ಡು. ಅವನು ಸದ್ದಿಲ್ಲದೆ ಹಿಂದೆ ಹೋಗಿ ನಿಂತ. ಹೆಗಲಿಗೆ ಕೈಹಾಕಿ ಎಳೆದ.

ಸೆರಗು ಜಾರಿತು. ಕೂದಲೆಲ್ಲ ಬೆಳ್ಳಗಿತ್ತು.

“ಕೂತ್ಕೊ ಉಮಾ,” ಎಂದಳು ಅವನ ತಾಯಿ. “ನೀನು ಅಂಗಡಿಗೆ ಹೊಂಟ ಗಳಿಗೇಲೆ ನನ್ನ ಪಿಂಚಣಿ ನೋಟೆಲ್ಲ ಅವಳ ಕೈಗಿಟ್ಟು ಬಸ್ಸು ಹತ್ತಿಸ್ದೆ, ಯಾವೂರಿಗೆ ಅಂತ ನಾನೂ ಕೇಳ್ನಿಲ್ಲ.”