ಬಾಯಿ ತೆಗಿ

ಅಂಗಡಿಯವನು ತಕ್ಕಡಿ ಕೆಳಗಿಟ್ಟು ಮಗಳ ಬಲಗೆನ್ನೆಯನ್ನೇ ದಿಟ್ಟಿಸಿದ. ಉಬ್ಬಿತ್ತು. ಅವಳು ಆಗಷ್ಟೇ ಪೆಪ್ಪರ್‌ಮಿಂಟಿನ ಭರಣಿಯ ಪಕ್ಕದಿಂದ ಎದ್ದಿದ್ದಳು.

"ಬಾಯಿ ತೆಗಿ."

ಗುಬ್ಬಿ ತೆಗೆದಳು. ಅವನು ಹೇಳುವ ಮೊದಲೇ ನಾಲಿಗೆಯನ್ನೂ ಎತ್ತಿ ತೋರಿಸಿದಳು. ದಿನಾ ನಡೆಯುವ ಈ ವಿಚಾರಣೆ ಅಷ್ಟು ರೂಢಿಯಾಗಿಬಿಟ್ಟಿತ್ತು. ಒಳಗೆ ಏನೂ ಇರಲಿಲ್ಲ. ನುಂಗಿರಬೇಕು ಕಳ್ಳಿ, ಅಂದುಕೊಂಡ. ತನ್ನ ತಕ್ಕಡಿಯನ್ನೇ ನಂಬದೆ ಎರಡೆರಡು ಸಲ ತೂಗುವ ಆಸಾಮಿ ಅವನು. ಹೆಂಡತಿ ಅವನನ್ನು ಕರೆಯುತ್ತಿದ್ದದ್ದೇ ಅನುಮಾನದ ಪಿಶಾಚಿ ಅಂತ. ಈ ಸಲ ಅವನು ಅಷ್ಟಕ್ಕೇ ಬಿಡದೆ ಹೆಬ್ಬೆರಳಿನಿಂದ ಕೆನ್ನೆ ಒತ್ತಿದ. ಕೈಗೆ ಸಿಕ್ಕಿದ್ದು ಜಾರಲಿಲ್ಲ, ಅದು ಕರಗುವಂಥದ್ದೂ ಅಲ್ಲ. ದವಡೆಯೇ ಉಬ್ಬಿ ಕಲ್ಲಾಗಿತ್ತು. ಅವನು ಅಂಗಡಿ ಮುಚ್ಚಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದ.

ಎಕ್ಸ್‌ರೇ ಆಯಿತು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೂ ಆಯಿತು. ಹಲ್ಲು ಮೂಡುವ ಜಾಗದಲ್ಲಿ ಗಡ್ಡೆ ಬೆಳೆದಿದೆ, ಮಕ್ಕಳಲ್ಲಿ ಅಪರೂಪ, ಆದರೆ ಕ್ಯಾನ್ಸರ್ ಅಲ್ಲವೇ ಅಲ್ಲ ಎಂದಳು ಸರ್ಜನ್. ಆದರೂ ಆಪರೇಷನ್ ಮಾಡಲೇಬೇಕಂತೆ. ಅಂಗಡಿಯವನ ಕಿವಿ ನೆಟ್ಟಗಾಯಿತು.

"ಕೆಟ್ಟದ್ದಲ್ಲ ಅಂದ್ರೆ ಯಾಕೆ ಕೊಯ್ಬೇಕು? ಏನೋ ಮುಚ್ಚಿಡ್ತಿದೀರಿ ನೀವು."

"ಸುಮ್ನೆ ಬಿಟ್ರೆ ದವಡೆ ಮೂಳೇನೇ ತಿಂದುಹಾಕುತ್ತೆ. ಬಾಯೊಳಗಿಂದ್ಲೇ ಕೆರೆದು ತೆಗೀತೀನಿ, ಮುಖದ ಮೇಲೆ ಗಾಯ ಕಾಣಲ್ಲ."

ಕಾಣದ ಹಾಗೆ ಮಾಡುವ ಕೆಲಸವೆಂದರೆ ಅವನಿಗೆ ಇನ್ನಷ್ಟು ಗುಮಾನಿ. ಬೇರೊಬ್ಬ ಡಾಕ್ಟರ ಹತ್ತಿರ ಹೋದ. ಅಲ್ಲೂ ಅದೇ ಮಾತು. ಇಬ್ಬರೂ ಒಳಗೊಳಗೇ ಮಾತಾಡಿಕೊಂಡಿರಬಹುದು ಎಂದು ಮನೆಗೆ ಬಂದು ಗೊಣಗಿದ. ನಿಮ್ಮ ಅನುಮಾನ ತೀರುವಷ್ಟರಲ್ಲಿ ಮಗುವಿಗೆ ದವಡೆಯೇ ಉಳಿಯೋದಿಲ್ಲ ಅಂತ ಹೆಂಡತಿ ರೇಗಿದ ಮೇಲೆಯೇ ಒಪ್ಪಿದ್ದು.

ಆಪರೇಷನ್ ಮುಗಿಸಿ ಹೊರಬಂದ ಸರ್ಜನ್, ಪೂರ್ತಿ ತೆಗೆದಿದ್ದೇನೆ, ಆದರೆ ಮತ್ತೆ ಬೆಳೆಯಬಹುದು, ಕೆಲವು ವರ್ಷ ಕಣ್ಣಿಟ್ಟಿರಬೇಕು ಎಂದಳು. ಕಣ್ಣಿಡುವುದನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೂರ್ತಿ ಅಂದರೆ ಪೂರ್ತಿಯೇ? ನಿಜಕ್ಕೂ? ವಾರ್ಡಿಗೆ ಹೋಗಿ ಮಗಳ ಹಾಸಿಗೆಯ ಮೇಲೆ ಬಾಗಿ, ಊದಿದ ಆ ಕೆನ್ನೆಯನ್ನೇ ನೋಡುತ್ತ ನಿಂತ.

ಗುಬ್ಬಿ ಕಣ್ಣು ಬಿಟ್ಟಳು. ಎದುರಿಗೆ ಅಪ್ಪ, ಅವನ ಕಣ್ಣು ತನ್ನ ಕೆನ್ನೆಯ ಮೇಲೆ. ಅವಳ ಮುಖದಲ್ಲಿ ಹೆದರಿಕೆ ಸುಳಿಯಿತು.

ಹೊಲಿಗೆ ಬಿಟ್ಟಷ್ಟೇ ಬಾಯಿ ತೆರೆದು, ರಕ್ತದಲ್ಲಿ ತೊಯ್ದ ಹತ್ತಿಯ ಪಕ್ಕದಲ್ಲಿ, ಅವಳು ಮೆಲ್ಲಗೆ ನಾಲಿಗೆ ಎತ್ತಿ ತೋರಿಸಿದಳು.