ಒಂದನೇ ಸೀಡ್

ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜವರಪ್ಪ ಮೇಷ್ಟರ ತಂಡ ಸತತ ಒಂಬತ್ತು ವರ್ಷ ಮೊದಲ ಸುತ್ತಿನಲ್ಲೇ ಸೋತಿತ್ತು.

“ಈ ಸಲವೂ ಹಂಗೇ ಆದ್ರೆ ತಂಡಾನೇ ಬೇಡ ಮೇಷ್ಟ್ರೇ,” ಎಂದಿದ್ದರು ಪ್ರಿನ್ಸಿಪಾಲರು.

ಜವರಪ್ಪ ಪಂದ್ಯಾವಳಿಯನ್ನೇ ತಮ್ಮ ಕಾಲೇಜಿಗೆ ಕೇಳಿ ಪಡೆದರು. ಆತಿಥೇಯರಿಗೆ ಒಂದನೇ ಸೀಡ್, ಅಂದರೆ ಪಟ್ಟಿಯಲ್ಲಿ ಮೊದಲ ಸ್ಥಾನ ಕೊಡುವುದು ಪದ್ಧತಿ. ಎಂಟು ತಂಡಗಳ ಪಟ್ಟಿಗೆ ಬಂದದ್ದು ಏಳೇ. ಎದುರಾಳಿಯಿಲ್ಲದ ಜಾಗ ಒಂದನೇ ಸೀಡಿನದು. ಆಡದೆಯೇ ಎರಡನೇ ಸುತ್ತು! ತಮ್ಮ ಒಂಬತ್ತು ವರ್ಷದ ತರಬೇತಿಗಿಂತ ಒಂದು ಬೆಸ ಸಂಖ್ಯೆಯೇ ಮೇಲೆಂದು ಅವರು ನಾಚಿಕೆಯಿಲ್ಲದೆ ಒಪ್ಪಿಕೊಂಡರು.

ಉದ್ಘಾಟನೆಯ ಬೆಳಿಗ್ಗೆ ಪ್ರಿನ್ಸಿಪಾಲರು ಪಟ್ಟಿಯ ಮುಂದೆ ಎದೆಯುಬ್ಬಿಸಿ ನಿಂತಿದ್ದರು.

“ಒಂದನೇ ಸೀಡ್! ನಿಮ್ಮನ್ನ ಸುಮ್ನೆ ಬೈದೆ ಕಣ್ರೀ.”

“ಏನೋ, ಕೈಲಾದಷ್ಟು ಸಾರ್.”

“ಆದ್ರೆ ಇವತ್ತು ನಿಮಗೆ ಆಟಾನೇ ಇರ್ಲಿಲ್ವಲ್ರೀ! ಶಾಸಕರು ಬಂದು ಯಾರ ಆಟ ನೋಡ್ಬೇಕು?”

“ಸಾರ್, ಅದು ನಿಯಮ...”

“ಯೋಚ್ನೆ ಬಿಡಿ. ಹೆಸರು ಕೊಡೋಕೆ ತಡ ಮಾಡಿದ್ರಲ್ಲ ಹೋದ ವರ್ಷದ ಚಾಂಪಿಯನ್ನರು, ಅವರನ್ನ ನಿಮ್ಮೆದುರು ಹಾಕ್ಸಿದೀನಿ.”